ಮೊರಿಯಾಸುಗೆ ಸಿಕ್ಕಿದ್ದು ನಮ್ಮ ಕೋಚ್‌ಗಳಿಗೂ ಸಿಗಲಿ: ಫುಟ್‌ಬಾಲ್ ಫೆಡರೇಷನ್‌ಗೆ ಒಂದು ಬಹಿರಂಗ ಪತ್ರ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷರು ಮತ್ತು ಪದಾಧಿಕಾರಿಗಳಿಗೆ,

ನಮಸ್ಕಾರ.

2025ರ ಅಕ್ಟೋಬರ್ 14ರಂದು ಟೋಕಿಯೊದಲ್ಲಿ ಜಪಾನ್ ತಂಡ ಬ್ರೆಜಿಲ್ ಎದುರು ಮೊದಲಾರ್ಧದಲ್ಲಿ 0-2 ಹಿಂದಿತ್ತು. ಎರಡನೇ ಅರ್ಧದಲ್ಲಿ ಮೂರು ಗೋಲು ಹೊಡೆದು 3-2ರಿಂದ ಗೆದ್ದಿತು. ಬ್ರೆಜಿಲ್ ವಿರುದ್ಧ ಅವರಿಗೆ ಸಿಕ್ಕ ಮೊತ್ತಮೊದಲ ಗೆಲುವು ಅದು. ಅದೇ ದಿನ ಮಡಗಾಂವ್‌ನಲ್ಲಿ ನಮ್ಮ ತಂಡ ಸಿಂಗಪುರಕ್ಕೆ 1-2ರಿಂದ ಸೋತಿತು. 2027ರ ಏಷ್ಯಾ ಕಪ್‌ನ ಬಾಗಿಲು ನಮಗೆ ಅಲ್ಲೇ ಮುಚ್ಚಿತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನಿಮ್ಮನ್ನು ಚುಚ್ಚಬೇಕು ಅಂತ ಈ ಪತ್ರ ಬರೆಯುತ್ತಿಲ್ಲ. ಆ ದಿನ ಎರಡೂ ತಂಡಗಳ ಕೋಚ್‌ಗಳಲ್ಲಿ ಒಂದು ಸಾಮ್ಯ ಇತ್ತು. ಇಬ್ಬರೂ ಒಂದು ಕಾಲದಲ್ಲಿ ತಮ್ಮ ತಮ್ಮ ದೇಶಕ್ಕೆ ಮಿಡ್‌ಫೀಲ್ಡರ್ ಆಗಿ ಆಡಿದವರು. ನಮ್ಮ ಖಾಲಿದ್ ಜಮೀಲ್ ಬಂದು ಆಗ ಮೂರು ತಿಂಗಳೂ ಆಗಿರಲಿಲ್ಲ. ಜಪಾನಿನ ಹಜಿಮೆ ಮೊರಿಯಾಸು ಅದೇ ಕುರ್ಚಿಯಲ್ಲಿ ಎಂಟನೇ ವರ್ಷದಲ್ಲಿದ್ದರು. ಆ ಎಂಟು ವರ್ಷದಲ್ಲಿ ಅವರನ್ನು ಕಿತ್ತುಹಾಕಿ ಎಂಬ ಕೂಗು ಎಷ್ಟು ಸಲ ಎದ್ದಿತ್ತು, ಆದರೂ ಅವರು ಹೇಗೆ ಉಳಿದರು ಅನ್ನುವುದನ್ನು ನಿಮ್ಮ ಮುಂದೆ ಇಡಬೇಕು. ಕನ್ನಡದಲ್ಲೇ ಬರೆಯುತ್ತಿದ್ದೇನೆ. ಸೋತ ಮರುದಿನ ‘ಕೋಚ್ ತೆಗೀರಿ’ ಅಂತ ಕೂಗುವವರು ನಮ್ಮ ನಡುವೆಯೂ ಇದ್ದಾರೆ, ಅವರೂ ಇದನ್ನು ಓದಲಿ.

ಮೊರಿಯಾಸು ತಾರೆ ಆಗಿರಲಿಲ್ಲ. ಜಪಾನಿನಲ್ಲಿ ತಾರೆ ಎಂದರೆ ಕಝುಯೊಶಿ ಮಿಯುರಾ, ಆಮೇಲೆ ಹಿಡೆತೊಶಿ ನಕಾಟಾ. ಮೊರಿಯಾಸು ನಾಗಸಾಕಿಯಲ್ಲಿ ಬೆಳೆದ ಹುಡುಗ, ಹುಟ್ಟಿದ್ದು 1968ರಲ್ಲಿ. ಆಗಿನ್ನೂ ಜಪಾನಿನಲ್ಲಿ ವೃತ್ತಿಪರ ಲೀಗ್ ಇರಲಿಲ್ಲ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ತಂಡಗಳು ಇದ್ದ ಹಾಗೆ ಅಲ್ಲೂ ಕಂಪನಿ ತಂಡಗಳೇ. 1987ರಲ್ಲಿ ಹಿರೋಶಿಮಾದ ಮಜ್ದಾ ತಂಡ ಅವರನ್ನು ಸೇರಿಸಿಕೊಂಡಿತು. ಆ ವರ್ಷ ಸೇರಿದವರ ಪಟ್ಟಿಯಲ್ಲಿ ಅವರದು ಕೊನೆಯ ಹೆಸರು. ಮುಖ್ಯ ಕಂಪನಿಯಲ್ಲಿ ಜಾಗ ಸಿಗದೆ ಅದರ ಅಂಗಸಂಸ್ಥೆಯ ನೌಕರನಾಗಿ ತಂಡಕ್ಕೆ ಬಂದರು.

1992ರಲ್ಲಿ ಡಚ್ ಕೋಚ್ ಹಾನ್ಸ್ ಊಫ್ಟ್ ಜಪಾನ್ ರಾಷ್ಟ್ರೀಯ ತಂಡಕ್ಕೆ ಬಂದರು. ಅದಕ್ಕೂ ಮುಂಚೆ ಅವರು ಮಜ್ದಾದಲ್ಲಿ ಕೋಚ್ ಆಗಿದ್ದವರು. ಹಾಗಾಗಿ ಅವರಿಗೆ ಈ ಹುಡುಗ ಗೊತ್ತಿದ್ದ. ಊಫ್ಟ್ ತಂಡದ ಪಟ್ಟಿ ಪ್ರಕಟಿಸಿದಾಗ ಮೊರಿಯಾಸು ಯಾರು ಅಂತ ಹಲವರಿಗೆ ತಿಳಿದಿರಲೇ ಇಲ್ಲ. ರಕ್ಷಣಾ ಸಾಲಿನ ಮುಂದೆ ನಿಂತು ಎದುರಾಳಿಯ ಕಾಲಿನಿಂದ ಚೆಂಡು ಕಸಿದು ಪಕ್ಕದವರಿಗೆ ಕೊಡುವುದು ಅವರ ಕೆಲಸ. ಟಿವಿಯ ಮುಖ್ಯಾಂಶಗಳಲ್ಲಿ ಕಾಣಿಸದ ಕೆಲಸ ಅದು. ದೇಶಕ್ಕೆ 35 ಪಂದ್ಯ ಆಡಿ ಹೊಡೆದದ್ದು ಒಂದೇ ಗೋಲು.

ಆ 35 ಪಂದ್ಯಗಳಲ್ಲಿ ಒಂದನ್ನು ಜಪಾನ್ ಇವತ್ತಿಗೂ ಮರೆತಿಲ್ಲ. 1993ರ ಅಕ್ಟೋಬರ್ 28, ದೋಹಾ. ಎದುರಿಗೆ ಇರಾಕ್. ಗೆದ್ದರೆ ಜಪಾನಿಗೆ ಮೊದಲ ಸಲ ವಿಶ್ವಕಪ್ ಆಡುವ ಅವಕಾಶ, ಅದೂ ಅಮೆರಿಕದಲ್ಲಿ. 90 ನಿಮಿಷ ಮುಗಿಯುವಾಗ 2-1 ಮುಂದಿದ್ದರು. ಕೊನೆಯ ಗಳಿಗೆಯಲ್ಲಿ ಇರಾಕ್‌ಗೆ ಒಂದು ಕಾರ್ನರ್ ಸಿಕ್ಕಿತು. ನೇರವಾಗಿ ಒಳಗೆ ಹೊಡೆಯದೆ ಹತ್ತಿರದವನಿಗೆ ಕೊಟ್ಟು, ಅಲ್ಲಿಂದ ಕ್ರಾಸ್ ಹಾಕಿದರು. ಒಂದು ಹೆಡರ್, ಚೆಂಡು ಬಲೆಯೊಳಗೆ. 2-2. ಸೌದಿ ಅರೇಬಿಯಾ ಮತ್ತು ದಕ್ಷಿಣ ಕೊರಿಯಾ ಅಮೆರಿಕಕ್ಕೆ ಹೋದವು. ಜಪಾನಿನ ಆಟಗಾರರು ಮೈದಾನದಲ್ಲೇ ಕುಸಿದು ಕೂತರು. 25 ವರ್ಷದ ಮೊರಿಯಾಸು ಅವರಲ್ಲಿ ಒಬ್ಬರು. ‘ದೋಹಾ ದುರಂತ’ ಅಂತಲೇ ಅಲ್ಲಿನವರು ಅದನ್ನು ಕರೆಯುತ್ತಾರೆ. ಆ ತಲೆಮಾರಿನ ಆಟಗಾರರು ವಿಶ್ವಕಪ್‌ಗೆ ಹೋಗುವ ಅವಕಾಶ ಹಲವರ ಪಾಲಿಗೆ ಅಲ್ಲಿಗೇ ಮುಗಿಯಿತು. ಮೊರಿಯಾಸು ಪಾಲಿಗೂ ಅಷ್ಟೇ, ಆಟಗಾರನಾಗಿ ಅವರು ಒಂದೂ ವಿಶ್ವಕಪ್ ಆಡಲಿಲ್ಲ.

ಇಲ್ಲಿಂದ ಮುಂದಿನದು ನಿಮಗೆ ಹೆಚ್ಚು ಸಂಬಂಧಿಸಿದ್ದು. ದಯವಿಟ್ಟು ನಿಧಾನವಾಗಿ ಓದಿ.

2003ರಲ್ಲಿ ಸೆಂಡೈ ನಗರದ ಕ್ಲಬ್‌ನಲ್ಲಿ ಆಟ ನಿಲ್ಲಿಸಿದಾಗ ಅವರಿಗೆ 35. ಅವರು ಟಿವಿ ಸ್ಟುಡಿಯೊದ ಕಡೆ ಹೋಗಲಿಲ್ಲ, ನೇರವಾಗಿ ದೊಡ್ಡ ತಂಡದ ಕೋಚ್ ಕುರ್ಚಿಗೂ ಹೋಗಲಿಲ್ಲ. ಜಪಾನಿನ ಅತಿ ಮೇಲಿನ ಕೋಚಿಂಗ್ ಲೈಸೆನ್ಸ್ ಮಾಡಿಕೊಂಡರು. ಹಿರೋಶಿಮಾದಲ್ಲಿ ಎಳೆಯರಿಗೆ ಕಲಿಸಿದರು. ದೇಶದ 20 ವರ್ಷದೊಳಗಿನವರ ತಂಡದಲ್ಲಿ ಸಹಾಯಕರಾದರು. ನೀಗಾತಾ ಊರಿನ ಕ್ಲಬ್‌ನಲ್ಲೂ ಸಹಾಯಕರಾಗಿ ಕೆಲಸ ಮಾಡಿದರು. ಹೀಗೇ ಎಂಟು ವರ್ಷ, ಬೇರೆಯವರ ಕೈಕೆಳಗೆ. 2012ರಲ್ಲಿ ತಮ್ಮದೇ ಹಳೆಯ ಕ್ಲಬ್, ಅಂದರೆ ಮಜ್ದಾ ತಂಡದಿಂದಲೇ ಬೆಳೆದ ಸಾನ್‌ಫ್ರೆಚ್ಚೆ ಹಿರೋಶಿಮಾದ ಮುಖ್ಯ ಕೋಚ್ ಆದಾಗ ಅವರು ಕಲಿಯದೆ ಉಳಿದ ಕೆಲಸ ಯಾವುದೂ ಇರಲಿಲ್ಲ ಅಂತಲೇ ಹೇಳಬೇಕು.

ಹಿರೋಶಿಮಾ ದುಡ್ಡಿರುವ ಕ್ಲಬ್ ಅಲ್ಲ. ಅಲ್ಲಿ ಬೆಳೆದ ಒಳ್ಳೆಯ ಆಟಗಾರರನ್ನು ಉರಾವಾದಂಥ ಶ್ರೀಮಂತ ಕ್ಲಬ್‌ಗಳು ಒಬ್ಬೊಬ್ಬರಾಗಿ ಎತ್ತಿಕೊಂಡು ಹೋಗುತ್ತಿದ್ದವು. ಹಿಂದಿನ ಕೋಚ್ ಮಿಹೈಲೊ ಪೆಟ್ರೊವಿಚ್ ಮೂವರು ಡಿಫೆಂಡರ್‌ಗಳ ಒಂದು ಪದ್ಧತಿ ಕಟ್ಟಿದ್ದರು, ನೋಡಲು ಸೊಗಸಾದ ಆಟ. ಹೊಸದಾಗಿ ಬಂದವರು ಸಾಮಾನ್ಯವಾಗಿ ಹಳೆಯದನ್ನು ಕೆಡವಿ ತಮ್ಮ ಹೆಸರಿನದು ಕಟ್ಟಲು ಹೋಗುತ್ತಾರೆ. ಮೊರಿಯಾಸು ಹಾಗೆ ಮಾಡಲಿಲ್ಲ. ಪದ್ಧತಿ ಹಾಗೇ ಇಟ್ಟುಕೊಂಡು ರಕ್ಷಣೆಯನ್ನು ಮಾತ್ರ ಬಿಗಿ ಮಾಡಿದರು. ಮೊದಲ ವರ್ಷವೇ, ಅಂದರೆ 2012ರಲ್ಲಿ, ಜಪಾನಿನ ವೃತ್ತಿಪರ ಲೀಗ್ ಆದ ಜೆ-ಲೀಗ್ ಪ್ರಶಸ್ತಿ. ಕ್ಲಬ್‌ನ ಇತಿಹಾಸದಲ್ಲಿ ಅದು ಮೊದಲನೆಯದು. 2013ರಲ್ಲಿ ಲೀಗ್‌ನ ಕೊನೆಯ ದಿನ ಮತ್ತೆ. 2015ರಲ್ಲಿ ಮತ್ತೊಮ್ಮೆ. ಅದೇ ವರ್ಷ ಕ್ಲಬ್ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ. ನಾಲ್ಕು ವರ್ಷದಲ್ಲಿ ಮೂರು ಲೀಗ್ ಪ್ರಶಸ್ತಿ, ಅದೂ ವರ್ಷ ವರ್ಷ ಆಟಗಾರರನ್ನು ಕಳೆದುಕೊಳ್ಳುವ ತಂಡದಿಂದ!

ಎಲ್ಲವೂ ಸುಗಮವಾಗಿರಲಿಲ್ಲ. 2017ರಲ್ಲಿ ಹಿರೋಶಿಮಾ ಲೀಗ್‌ನ ತಳದ ಹತ್ತಿರಕ್ಕೆ ಕುಸಿಯಿತು. ಜುಲೈನಲ್ಲಿ ಮೊರಿಯಾಸು ಜಾಗ ಬಿಟ್ಟರು. ಅಲ್ಲಿಗೆ ಒಬ್ಬ ಕೋಚ್‌ನ ಬದುಕು ಮುಗಿಯಿತು ಅಂತ ನಮ್ಮಲ್ಲಾದರೆ ಅಂದುಕೊಳ್ಳುತ್ತಿದ್ದೆವು, ಅಲ್ವಾ? ಜಪಾನ್ ಫುಟ್‌ಬಾಲ್ ಸಂಘ ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರನ್ನು ಕರೆದು ಟೋಕಿಯೊ ಒಲಿಂಪಿಕ್ಸ್ ತಂಡ ಕಟ್ಟಲು ಹೇಳಿತು. ಕೊನೆಯ ಆರು ತಿಂಗಳ ಸೋಲಿನ ಜೊತೆಗೆ ಹಿಂದಿನ ಐದು ವರ್ಷದ ಕೆಲಸವನ್ನೂ ಸಂಘ ಲೆಕ್ಕಕ್ಕೆ ತೆಗೆದುಕೊಂಡಿತು.

ಜಪಾನಿನವರು ಆತುರ ಪಟ್ಟೇ ಇಲ್ಲ ಎಂದು ನಾನು ಹೇಳುವುದಿಲ್ಲ. 2018ರ ವಿಶ್ವಕಪ್‌ಗೆ ಎರಡೇ ತಿಂಗಳು ಇರುವಾಗ ಕೋಚ್ ವಾಹಿದ್ ಹಲಿಲ್‌ಹೊಜಿಚ್ ಅವರನ್ನು ತೆಗೆದುಹಾಕಿದ್ದು ಇದೇ ಸಂಘ. ಆದರೆ ಆಗಲೂ ಬದಲಿಯನ್ನು ಹುಡುಕುತ್ತಾ ದೇಶ ಸುತ್ತಲಿಲ್ಲ. ಅಕಿರಾ ನಿಶಿನೊ ಸಂಘದೊಳಗೇ ಇದ್ದರು, ಅವರನ್ನೇ ಕೋಚ್ ಮಾಡಿತು, ಅವರ ಪಕ್ಕದಲ್ಲಿ ಸಹಾಯಕರಾಗಿ ಮೊರಿಯಾಸು ಕೂತರು. ರೊಸ್ತೋವ್‌ನಲ್ಲಿ ಬೆಲ್ಜಿಯಂ ವಿರುದ್ಧ 2-0 ಮುಂದಿದ್ದು, ಕೊನೆಯ ಸೆಕೆಂಡುಗಳಲ್ಲಿ 2-3ರಿಂದ ಸೋತ ರಾತ್ರಿಯನ್ನು ಅವರು ಬೆಂಚ್ ಮೇಲೆ ಕೂತು ನೋಡಿದರು. ಅದಾದ ತಿಂಗಳೊಳಗೆ ಮುಖ್ಯ ಕೋಚ್ ಆದರು.

ಅವರ ಜನಪ್ರಿಯತೆಯ ಕಥೆ ಇಲ್ಲಿಂದ ಶುರು. ಮೇಲೆ ಕೆಳಗೆ ಹೋಗುತ್ತಲೇ ಇರುವ ಕಥೆ ಅದು. 2019ರ ಏಷ್ಯಾ ಕಪ್ ಫೈನಲ್‌ನಲ್ಲಿ ಕತಾರ್‌ಗೆ 1-3 ಸೋಲು. ಸ್ವಂತ ನೆಲದ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಕಂಚು ಕೈತಪ್ಪಿತು. ಅದಾಗಿ ಒಂದು ತಿಂಗಳಿಗೆ, 2021ರ ಸೆಪ್ಟೆಂಬರ್‌ನಲ್ಲಿ, ವಿಶ್ವಕಪ್ ಅರ್ಹತೆಯ ಅಂತಿಮ ಸುತ್ತಿನ ಮೊದಲ ಪಂದ್ಯದಲ್ಲೇ ತವರಿನಲ್ಲಿ ಒಮಾನ್‌ಗೆ 0-1 ಸೋಲು. ಅಕ್ಟೋಬರ್‌ನಲ್ಲಿ ಜೆದ್ದಾದಲ್ಲಿ ಸೌದಿಗೆ 0-1. ಮೂರು ಪಂದ್ಯದಲ್ಲಿ ಎರಡು ಸೋಲು. ಸಾಮಾಜಿಕ ಜಾಲತಾಣಗಳ ತುಂಬಾ ‘ಮೊರಿಯಾಸು ಹೋಗಲಿ’ ಎಂಬ ಕೂಗು. ಆಟಗಾರರ ಬದಲಾವಣೆ ತಡ ಮಾಡುತ್ತಾರೆ, ಹೊಸ ಯೋಚನೆ ಇಲ್ಲ, ನೋಟ್‌ಬುಕ್‌ನಲ್ಲಿ ಏನೋ ಗೀಚುತ್ತಾ ನಿಲ್ಲುತ್ತಾರೆ ಅಂತೆಲ್ಲ ಟೀಕೆ. ಹೌದು, ಪಂದ್ಯ ನಡೆಯುತ್ತಿರುವಾಗಲೇ ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವರ ಅಭ್ಯಾಸ.

ಐದು ದಿನ ಬಿಟ್ಟು ಸೈತಾಮಾದಲ್ಲಿ ಆಸ್ಟ್ರೇಲಿಯಾ ಜೊತೆ ಪಂದ್ಯ. ಸೋತರೆ ಎಲ್ಲವೂ ಮುಗಿದಂತೆ. ರಾಷ್ಟ್ರಗೀತೆ ಹಾಡುವಾಗ ಅವರ ಕಣ್ಣು ತುಂಬಿದ್ದನ್ನು ಜನ ಟಿವಿಯಲ್ಲಿ ನೋಡಿದರು. ಅವತ್ತು ಅವರು ತಂಡದ ರೂಪವನ್ನೇ ಬದಲಿಸಿದರು, ನಡುಭಾಗದಲ್ಲಿ ಮೂವರನ್ನು ನಿಲ್ಲಿಸಿದರು, ಒಲಿಂಪಿಕ್ಸ್ ತಂಡದಲ್ಲಿ ತಾವೇ ಬೆಳೆಸಿದ ಆಓ ತನಾಕಾಗೆ ಅವಕಾಶ ಕೊಟ್ಟರು. ಎಂಟನೇ ನಿಮಿಷದಲ್ಲಿ ತನಾಕಾ ಗೋಲು ಹೊಡೆದರು. 2-1 ಗೆಲುವು. ಅಲ್ಲಿಂದ ಗೆಲುವಿನ ಸಾಲು. 2022ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ಬದಲಿ ಆಟಗಾರ ಕಾಒರು ಮಿತೋಮಾ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಹೊಡೆದು ತಂಡವನ್ನು ವಿಶ್ವಕಪ್‌ಗೆ ಒಯ್ದರು.

ಜೆದ್ದಾದ ಸೋಲಿನ ಮರುದಿನ ಸಂಘ ಅವರನ್ನು ಮನೆಗೆ ಕಳಿಸಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಎಷ್ಟೋ ಜನ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಸುಲಭವಾಗಿ ಸಿಗುವ ದಾರಿ ಎದುರಿಗೇ ಇತ್ತು, ಆದರೂ ಸಂಘ ಅದನ್ನು ಹಿಡಿಯಲಿಲ್ಲ.

ಮುಂದೆ ಏನಾಯಿತು ಅನ್ನುವುದನ್ನು ಜಗತ್ತೇ ನೋಡಿದೆ. 2022ರ ನವೆಂಬರ್ 23, ಮತ್ತೆ ದೋಹಾ. ಜರ್ಮನಿ ಎದುರು ಮೊದಲಾರ್ಧದಲ್ಲಿ ಜಪಾನಿಗೆ ಚೆಂಡೇ ಸಿಗಲಿಲ್ಲ, 0-1. ವಿರಾಮದಲ್ಲಿ ಮೊರಿಯಾಸು ಮುನ್ನುಗ್ಗುವ ಆಟಗಾರ ಕುಬೊನನ್ನು ಕೂರಿಸಿ ಡಿಫೆಂಡರ್ ತೊಮಿಯಾಸುವನ್ನು ಇಳಿಸಿದರು. ಹಿಂದೆ ಮೂವರ ಸಾಲು ಕಟ್ಟಿದರು, ಹಿರೋಶಿಮಾದಲ್ಲಿ ಅವರಿಗೆ ಕೈವಶವಾಗಿದ್ದ ಅದೇ ಪದ್ಧತಿ. ಆಮೇಲೆ ಒಬ್ಬರ ಹಿಂದೆ ಒಬ್ಬರಂತೆ ಮಿತೋಮಾ, ಅಸಾನೊ, ದೋವಾನ್, ಮಿನಾಮಿನೊ. 75ನೇ ನಿಮಿಷದಲ್ಲಿ ದೋವಾನ್, 83ರಲ್ಲಿ ಅಸಾನೊ. ಗೋಲು ಹೊಡೆದ ಇಬ್ಬರೂ ಬದಲಿ ಆಟಗಾರರು. ಬದಲಾವಣೆ ತಡ ಮಾಡುತ್ತಾರೆ ಅಂತ ಬೈಸಿಕೊಂಡಿದ್ದ ಕೋಚ್, ಬದಲಾವಣೆಗಳಿಂದಲೇ ಜರ್ಮನಿಯನ್ನು ಸೋಲಿಸಿದರು. ಕೊನೆಯ ನಿಮಿಷಗಳಲ್ಲಿ 1993 ನೆನಪಾಯಿತು ಎಂದು ಪಂದ್ಯದ ಬಳಿಕ ಹೇಳಿದರು. ಆದರೆ ತಮ್ಮ ಹುಡುಗರು ಹಿಂದೆ ಸರಿಯದೆ ಚೆಂಡು ಕಸಿಯಲು ಮುನ್ನುಗ್ಗುವುದನ್ನು ಕಂಡಾಗ, ಕಾಲ ಬದಲಾಗಿದೆ ಅನ್ನಿಸಿತಂತೆ. ಈ ಮಾತು ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಾಲ್ಕೇ ದಿನಕ್ಕೆ ಕೋಸ್ಟರಿಕಾಗೆ 0-1 ಸೋಲು, ಮತ್ತೆ ಬೈಗುಳ. ಡಿಸೆಂಬರ್ 1ರಂದು ಸ್ಪೇನ್ ವಿರುದ್ಧ 2-1 ಗೆಲುವು, ಮತ್ತೆ ಜೈಕಾರ. ಒಂದು ವಾರದಲ್ಲಿ ಒಬ್ಬನೇ ಮನುಷ್ಯ ದೇವರೂ ಆದ, ದಡ್ಡನೂ ಆದ, ಪುನಃ ದೇವರಾದ. ಇದೇ ಕಾರಣಕ್ಕೆ ಜನಪ್ರಿಯತೆಯನ್ನು ಅಳತೆಗೋಲು ಮಾಡಿಕೊಂಡು ಕೋಚ್‌ನನ್ನು ತೂಗಬೇಡಿ ಅಂತ ನಿಮ್ಮನ್ನು ಬೇಡುತ್ತಿದ್ದೇನೆ. ಅಭಿಮಾನಿಗಳಾದ ನಮ್ಮ ಮನಸ್ಸು ಹೀಗೇ ಹೊಯ್ದಾಡುತ್ತದೆ. ಹೊಯ್ದಾಡುವುದು ನಮಗೆ ಸಹಜ, ನಮ್ಮ ಜೊತೆ ನೀವೂ ಹೊಯ್ದಾಡಬಾರದು.

ಕ್ರೊಯೇಷಿಯಾ ಎದುರು ಪೆನಾಲ್ಟಿಗಳಲ್ಲಿ ಸೋತು ಹೊರಬಿದ್ದ ರಾತ್ರಿ ಅವರು ಅಭಿಮಾನಿಗಳು ಕೂತಿದ್ದ ಕಡೆ ಒಬ್ಬರೇ ನಡೆದು ಹೋಗಿ ಸೊಂಟ ಬಾಗಿಸಿ ನಮಸ್ಕರಿಸಿದರು. ಆ ಚಿತ್ರ ಜಗತ್ತಿನ ಎಲ್ಲ ಕಡೆ ಓಡಾಡಿತು. ಆದರೆ ಅದಕ್ಕಿಂತ ದೊಡ್ಡ ಮಾತು ಅದರ ನಂತರ ನಡೆದದ್ದು. ಜಪಾನಿನ ಇತಿಹಾಸದಲ್ಲಿ ಒಂದು ವಿಶ್ವಕಪ್ ಮುಗಿಸಿದ ಕೋಚ್ ಮುಂದಿನ ವಿಶ್ವಕಪ್‌ಗೂ ಮುಂದುವರಿದದ್ದು ಅದೇ ಮೊದಲು. 2023ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯನ್ನು ಅವರದೇ ನೆಲದಲ್ಲಿ 4-1ರಿಂದ ಸೋಲಿಸಿದರು. 2024ರ ಆರಂಭದಲ್ಲಿ ಏಷ್ಯಾ ಕಪ್ ಕ್ವಾರ್ಟರ್ ಫೈನಲ್‌ನಲ್ಲೇ ಇರಾನ್‌ಗೆ ಸೋತು ಮತ್ತೆ ಟೀಕೆಗೆ ಸಿಕ್ಕಿದರು. ಆಗಲೂ ಸಂಘ ಅಲ್ಲಾಡಲಿಲ್ಲ. 2025ರ ಮಾರ್ಚ್ 20ರಂದು ಬಹ್ರೇನ್ ಅನ್ನು ಮಣಿಸಿ, ಆತಿಥೇಯ ದೇಶಗಳನ್ನು ಬಿಟ್ಟರೆ ಜಗತ್ತಿನಲ್ಲೇ ಮೊದಲು 2026ರ ವಿಶ್ವಕಪ್‌ಗೆ ಅರ್ಹತೆ ಪಡೆದ ತಂಡ ಜಪಾನ್.

ಅವರ ಸುತ್ತ ಯಾರಿದ್ದಾರೆ ನೋಡಿ. ಸಹಾಯಕರಾಗಿ ಹಿರೋಶಿ ನಾನಾಮಿ, ರ್ಯೊಇಚಿ ಮಾಯೆದಾ, ಮೂರು ವಿಶ್ವಕಪ್‌ಗಳಲ್ಲಿ ನಾಯಕನಾಗಿದ್ದ ಮಕೊತೊ ಹಸೆಬೆ. ಎಲ್ಲರೂ ದೇಶಕ್ಕೆ ಆಡಿದವರು. ಅಭ್ಯಾಸದ ದೊಡ್ಡ ಪಾಲನ್ನು ಮೊರಿಯಾಸು ಅವರ ಕೈಗೇ ಬಿಡುತ್ತಾರೆ. ತಾವು ಎಂಟು ವರ್ಷ ಕಲಿತ ಹಾಗೆ ಅವರೂ ಕಲಿಯಲಿ ಅಂತ. ಸಂಘದ ಅಧ್ಯಕ್ಷ ತ್ಸುನೆಯಾಸು ಮಿಯಾಮೊಟೊ ಕೂಡ ಮಾಜಿ ನಾಯಕ, ಮಾಜಿ ಕೋಚ್. ಹಾಗಾಗಿ ಮೊರಿಯಾಸು ಇವತ್ತಲ್ಲ ನಾಳೆ ಹೋದರೂ ಜಪಾನಿಗೆ ಗಾಬರಿ ಆಗುವುದಿಲ್ಲ.

ಈಗ ನಮ್ಮ ಮನೆಯ ವಿಷಯ.

ನಮ್ಮವರನ್ನೇ ನಂಬಿ ಗೆದ್ದ ಕಾಲ ನಮಗೂ ಇತ್ತು. ಹೈದರಾಬಾದಿನ ಶಿಕ್ಷಕ ಸೈಯದ್ ಅಬ್ದುಲ್ ರಹೀಮ್ 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ದೇಶದ ಫುಟ್‌ಬಾಲ್ ಕಟ್ಟಿದರು. 1951ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದ ಅವರ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ನಮ್ಮ ಮೈಸೂರು ಸೀಮೆಯ ಕೆಂಪಯ್ಯ ಆಡಿದರು. 1962ರ ಜಕಾರ್ತಾದಲ್ಲಿ ಮತ್ತೆ ಚಿನ್ನ. ಆ ದಾರಿಯಲ್ಲಿ ನಾವು 2-0ಯಿಂದ ಸೋಲಿಸಿದ ತಂಡಗಳಲ್ಲಿ ಒಂದು ಜಪಾನ್. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ.

ಈಚಿನ ದಿನಗಳಿಗೆ ಬರೋಣ. 2012ರಲ್ಲಿ ಸಾವಿಯೊ ಮೆಡೆರಾ ಹೋದ ಮೇಲೆ ಮತ್ತೊಬ್ಬ ಭಾರತೀಯ ಪೂರ್ಣಾವಧಿಗೆ ಆ ಕುರ್ಚಿಯಲ್ಲಿ ಕೂರಲು 13 ವರ್ಷ ಬೇಕಾಯಿತು. ನಡುವೆ ಹಾಲೆಂಡಿನವರು, ಇಂಗ್ಲೆಂಡಿನವರು, ಕ್ರೊಯೇಷಿಯಾದವರು, ಸ್ಪೇನಿನವರು ಬಂದು ಹೋದರು. ಹೊರಗಿನವರು ಬರಬಾರದು ಎಂಬ ಹಟ ನನಗಿಲ್ಲ. ಜಪಾನಿಗೆ ಊಫ್ಟ್ ಬರದಿದ್ದರೆ ಮೊರಿಯಾಸು ಎಂಬ ಆಟಗಾರನೇ ಬೆಳಕಿಗೆ ಬರುತ್ತಿರಲಿಲ್ಲ. ಆದರೆ ಜಪಾನಿನವರು ಹೊರಗಿನವರ ಪಕ್ಕ ತಮ್ಮವರನ್ನು ಕೂರಿಸಿ ಕಲಿಸಿದರು. ನಮ್ಮಲ್ಲಿ ಒಬ್ಬೊಬ್ಬರು ಹೋದಾಗಲೂ ಅವರ ಜೊತೆ ಅವರು ತಿಳಿದದ್ದೂ ಹೊರಟು ಹೋಯಿತು.

ಖಾಲಿದ್ ಜಮೀಲ್ ಯಾರ ಶಿಫಾರಸಿನಿಂದಲೂ ಬಂದವರಲ್ಲ. 2017ರಲ್ಲಿ ಮಿಜೋರಾಮಿನ ಐಜೋಲ್ ಎಂಬ ಚಿಕ್ಕ ಕ್ಲಬ್‌ಗೆ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆಲ್ಲಿಸಿಕೊಟ್ಟರು. ದುಡ್ಡಿಲ್ಲದ ಹಿರೋಶಿಮಾ ಮಾಡಿದ್ದಕ್ಕಿಂತ ಅದು ಕಡಿಮೆ ಏನಲ್ಲ. ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇಆಫ್‌ಗೆ ಒಯ್ದ ಮೊದಲ ಭಾರತೀಯ ಕೋಚ್ ಅವರು. ರಾಷ್ಟ್ರೀಯ ತಂಡಕ್ಕೆ ಬಂದ ಕೂಡಲೇ ಸೆಪ್ಟೆಂಬರ್‌ನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮಧ್ಯ ಏಷ್ಯಾ ಫುಟ್‌ಬಾಲ್ ಸಂಸ್ಥೆಯ ಕಾಫಾ ನೇಷನ್ಸ್ ಕಪ್‌ನಲ್ಲಿ ಮೂರನೇ ಸ್ಥಾನ ತಂದಾಗ ಎಲ್ಲರೂ ಹೊಗಳಿದೆವು. ಅಕ್ಟೋಬರ್‌ನಲ್ಲಿ ಸಿಂಗಪುರಕ್ಕೆ, ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ ಸೋತಾಗ ಎಲ್ಲರೂ ಬೈದೆವು. ಬೈಯಲು ಕಾರಣ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಗೋಲು ಹೊಡೆಯುವ ಫಾರ್ವರ್ಡ್ ಒಬ್ಬನನ್ನು ದೇಶದಲ್ಲಿ ಬೆಳೆಸದೆ, ನಿವೃತ್ತಿ ಘೋಷಿಸಿದ್ದ ಸುನಿಲ್ ಛೆಟ್ರಿಯನ್ನೇ 40ನೇ ವಯಸ್ಸಿನಲ್ಲಿ ಮತ್ತೆ ಕರೆತರುವ ಸ್ಥಿತಿ ಕೋಚ್ ತಂದದ್ದಲ್ಲ. 2025ರಲ್ಲಿ ಐಎಸ್‌ಎಲ್ ಹೊತ್ತಿಗೆ ಸರಿಯಾಗಿ ಶುರುವಾಗದೆ ಆಟಗಾರರು ಸುಮ್ನೆ ಕೂತದ್ದೂ ಕೋಚ್ ತಪ್ಪಲ್ಲ. ಮೊರಿಯಾಸು ತಂಡದ ಬಹುತೇಕ ಎಲ್ಲರೂ ಯುರೋಪಿನ ಕ್ಲಬ್‌ಗಳಲ್ಲಿ ಪ್ರತಿ ವಾರ ಆಡುವವರು. ಅವರನ್ನು ಬೆಳೆಸಿದ್ದು 1993ರಲ್ಲಿ ಹತ್ತು ಕ್ಲಬ್‌ಗಳಿಂದ ಶುರುವಾಗಿ, ಅಲ್ಲಿಂದ ಹರಡುತ್ತಾ ಬಂದ ಜೆ-ಲೀಗ್.

ಕರ್ನಾಟಕದ್ದೇ ಒಂದು ಉದಾಹರಣೆ ಕೊಡುತ್ತೇನೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ನಮ್ಮ ರಾಜ್ಯ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ಬಳಿಕ ಬಂದ ಟ್ರೋಫಿ. ಆ ತಂಡದ ಕೋಚ್ ರವಿ ಬಾಬು ರಾಜು. ಅಂಥ ಗೆಲುವಿನ ನಂತರ ಒಬ್ಬ ರಾಜ್ಯ ತಂಡದ ಕೋಚ್‌ಗೆ ಮುಂದಿನ ಮೆಟ್ಟಿಲು ಯಾವುದು? ದೇಶದ ಕಿರಿಯರ ತಂಡದಲ್ಲಿ ಸಹಾಯಕನ ಜಾಗವೇ? ಐಎಸ್‌ಎಲ್ ಕ್ಲಬ್‌ನ ಮೀಸಲು ತಂಡವೇ? ಮೆಟ್ಟಿಲು ಎಲ್ಲಿದೆ ಅಂತ ಹೇಳುವ ಒಂದು ಕಾಗದವಾದರೂ ಇರಬೇಕಲ್ಲ. ಬೆಂಗಳೂರಿನ ಗೌತಮಪುರದಲ್ಲಿ, ಆಸ್ಟಿನ್ ಟೌನ್‌ನಲ್ಲಿ ಬೆಳಗ್ಗೆ ಆರಕ್ಕೆ ಹುಡುಗರನ್ನು ಓಡಿಸುವ ಮಾಜಿ ಆಟಗಾರರು ಈ ಪ್ರಶ್ನೆ ಕೇಳುತ್ತಿದ್ದಾರೆ.

ಹಾಗಾಗಿ ನನ್ನ ಕೋರಿಕೆಗಳು ಇವು. ರಾಷ್ಟ್ರೀಯ ಕೋಚ್‌ಗೆ ಒಂದು ಪೂರ್ತಿ ಆವರ್ತನದ ಅವಧಿ ಕೊಡಿ, ಅಂದರೆ ಒಂದು ಅರ್ಹತಾ ಸುತ್ತಿನ ಮೊದಲ ಪಂದ್ಯದಿಂದ ಅದರ ಕೊನೆಯವರೆಗೆ. ಅವರ ಕೆಲಸವನ್ನು ಯಾವ ಅಳತೆಯಿಂದ ನೋಡುತ್ತೀರಿ ಎಂಬುದನ್ನು ಮೊದಲೇ ಬರೆದು ಪ್ರಕಟಿಸಿ, ಸೋತ ಮೇಲೆ ಅಲ್ಲ. ಹಿರಿಯರ ತಂಡದ ಕೋಚ್‌ಗೂ 23 ವರ್ಷದೊಳಗಿನವರ ತಂಡಕ್ಕೂ ಒಂದೇ ದಾರ ಇರಲಿ. ಮೊರಿಯಾಸು ತನಾಕಾನನ್ನು ಸರಿಯಾದ ದಿನ ಇಳಿಸಲು ಸಾಧ್ಯವಾದದ್ದು ಎರಡೂ ತಂಡ ಅವರ ಕೈಯಲ್ಲಿ ಇದ್ದುದರಿಂದಲೇ. ಆಡುವುದು ನಿಲ್ಲಿಸುತ್ತಿರುವ ನಮ್ಮ ಆಟಗಾರರು ಚದುರಿ ಹೋಗುವ ಮುನ್ನ ಅವರಿಗೆ ಲೈಸೆನ್ಸ್ ಕೋರ್ಸ್‌ನ ಶುಲ್ಕ ಭರಿಸಿ, ಕಿರಿಯರ ತಂಡಗಳಲ್ಲಿ ಸಹಾಯಕರ ಜಾಗ ಕೊಡಿ. ಛೆಟ್ರಿಯಿಂದಲೇ ಶುರು ಮಾಡಿ. ಮುಂದೆ ಹೊರಗಿನ ಕೋಚ್ ಬಂದರೂ ಸರಿ, ಅವರ ಒಪ್ಪಂದದಲ್ಲಿ ಇಬ್ಬರು ಭಾರತೀಯ ಸಹಾಯಕರು ಕಡ್ಡಾಯ ಅಂತ ಬರೆಯಿಸಿ.

ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಿ. ಏನು ತೀರ್ಮಾನ ಆಯಿತು ಅನ್ನುವುದನ್ನು ಎಲ್ಲರಿಗೂ ತಿಳಿಸಿ. ಒಪ್ಪದಿದ್ದರೆ ಯಾಕೆ ಅಂತಲೂ ಬರೆಯಿರಿ, ಓದುತ್ತೇವೆ.

ಇಂತಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ